ದತ್ತಾಂಶ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ

ಸಿಪಿಯು (ಕಂಪ್ಯೂಟರಿನ ಮುಖ್ಯ ಸಂಸ್ಕಾರಕ) ಮತ್ತು ಜಿಪಿಯು (ಒಂದೇ ಬಗೆಯ ಬಹಳಷ್ಟು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಸಂಸ್ಕಾರಕ) ಎರಡೂ ಇರುವ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯಲು ತೊಡಗಿದ ಹೊಸದರಲ್ಲಿ, ಸಮಾಂತರವಾಗಿ ಓಡಬಲ್ಲ ಪ್ರತಿಯೊಂದು ಲೂಪನ್ನೂ (ಮತ್ತೆಮತ್ತೆ ನಡೆಯುವ ಲೆಕ್ಕದ ಸುತ್ತನ್ನೂ) ಜಿಪಿಯುವಿಗೆ ಒಪ್ಪಿಸಿಬಿಟ್ಟರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರಿನ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆ. ಆ ತಿಳಿವಳಿಕೆಯನ್ನು ಬದಲಿಸಿದ್ದು ಕಾಗದದ ಮೇಲೆ ಮಾಡಿದ ಒಂದು ಸಣ್ಣ ಲೆಕ್ಕ.

ಒಂದೊಂದು ಕೋಟಿ ಸಂಖ್ಯೆಗಳಿರುವ ಎರಡು ಅರೇಗಳನ್ನು (ಸಂಖ್ಯೆಗಳ ಸಾಲುಗಳನ್ನು) ಕೂಡಿಸಿ, ಬಂದ ಮೊತ್ತಗಳನ್ನು ಒಂದು ಸ್ಥಿರಾಂಕದಿಂದ ಗುಣಿಸಬೇಕಾಗಿದೆ ಎನ್ನೋಣ. ಸಂಖ್ಯೆಗೆ 4 ಬೈಟಿನಂತೆ ಪ್ರತಿ ಅರೇಯೂ 40 ಮೆಗಾಬೈಟ್ ಆಗುತ್ತದೆ. ಇಂಥ ಸರಳ ಲೆಕ್ಕದಲ್ಲಿ ಸಮಯವೆಲ್ಲ ಮೆಮೊರಿಯಿಂದ ಓದಿ ಬರೆಯುವುದಕ್ಕೇ ಹೋಗುತ್ತದೆ; ಜಿಪಿಯುವಿನ ಸ್ವಂತ ಮೆಮೊರಿ ಸೆಕೆಂಡಿಗೆ 400 ಗಿಗಾಬೈಟ್ ಒದಗಿಸುತ್ತದೆ ಎಂದಿಟ್ಟುಕೊಂಡರೆ, ಎರಡು ಅರೇ ಓದಿ ಒಂದನ್ನು ಬರೆಯುವ ಮೊದಲ ಲೂಪಿಗೆ 0.3 ಮಿಲಿಸೆಕೆಂಡ್, ಒಂದನ್ನು ಓದಿ ಒಂದನ್ನು ಬರೆಯುವ ಎರಡನೆಯದಕ್ಕೆ 0.2 ಮಿಲಿಸೆಕೆಂಡ್ ಹಿಡಿಯುತ್ತದೆ. ಎರಡನ್ನೂ ಬೆಸೆದು ಒಂದೇ ಲೂಪು ಮಾಡಿದರೆ ನಡುವಿನ ಅರೇಯೇ ಬೇಕಾಗುವುದಿಲ್ಲ, 0.5 ಇದ್ದದ್ದು 0.3ಕ್ಕೆ ಇಳಿಯುತ್ತದೆ. ಇಲ್ಲಿ ಒಂದು ಗುಣಾಕಾರವೂ ಕಡಿಮೆಯಾಗಿಲ್ಲ, ಕಡಿಮೆಯಾದದ್ದು ಮೆಮೊರಿಯ ಓಡಾಟ ಮಾತ್ರ.

ಆದರೆ ಆ ಅರೇಗಳು ಸಿಪಿಯುವಿನ ಮೆಮೊರಿಯಲ್ಲಿದ್ದರೆ ಲೆಕ್ಕವೇ ಬೇರೆ. ಸಿಪಿಯುವನ್ನೂ ಜಿಪಿಯುವನ್ನೂ ಜೋಡಿಸುವ ಮೂರನೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ 16 ಲೇನುಗಳಲ್ಲಿ (ದತ್ತಾಂಶ ಸಾಗುವ ಹಾದಿಗಳಲ್ಲಿ) ಒಂದು ದಿಕ್ಕಿಗೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 16 ಗಿಗಾಬೈಟ್ ಸಾಗುವುದರಿಂದ, ಎರಡು ಅರೇ ಕಳುಹಿಸಿ ಉತ್ತರವನ್ನು ವಾಪಸು ತರಲು 7.5 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 40 ಗಿಗಾಬೈಟ್ ಸಿಗುವ ಸಿಪಿಯುವಿನಲ್ಲೇ ಬೆಸೆದ ಲೂಪನ್ನು ಓಡಿಸಿದರೆ 3 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಹಿಂದೆಮುಂದೆ ಇದೇ ದತ್ತಾಂಶದ ಮೇಲೆ ಇನ್ನೂ ಹತ್ತು ಲೂಪುಗಳಿದ್ದರೆ ತೀರ್ಮಾನ ಮತ್ತೆ ಜಿಪಿಯುವಿನ ಕಡೆಗೆ ವಾಲುತ್ತದೆ. ಅಂದರೆ ಒಂದು ಲೂಪನ್ನು ಮಾತ್ರ ನೋಡುವ ಕಂಪೈಲರಿಗೆ ಈ ಪ್ರಶ್ನೆಯನ್ನು ಬಿಡಿಸಲಾಗದು.

ಇಡೀ ಪ್ರೋಗ್ರಾಮನ್ನು ನೋಡುವುದು ಸುಲಭವಲ್ಲ. ಸಿ ಭಾಷೆಯ ಎರಡು ಪಾಯಿಂಟರುಗಳು (ಮೆಮೊರಿಯ ಜಾಗಗಳ ವಿಳಾಸಗಳು) ಒಂದೇ ಜಾಗವನ್ನು ತೋರಿಸುತ್ತಿಲ್ಲ, ನಡುವಿನ ಅರೇಯನ್ನು ಮುಂದೆ ಯಾರೂ ಓದುವುದಿಲ್ಲ ಎಂಬುದು ಖಚಿತವಾಗದೆ ಕಂಪೈಲರ್ ಆ ಅರೇಯನ್ನು ಕೈಬಿಡುವಂತಿಲ್ಲ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ, ಹಲವು ಕಂಪೈಲರುಗಳಿಗೆ ತಳಹದಿಯಾಗಿರುವ ಎಲ್‌ಎಲ್‌ವಿಎಂ ಎಷ್ಟೇ ಸಮರ್ಥವಾಗಿದ್ದರೂ, ಕೋಡ್ ಅದರ ಮಧ್ಯಂತರ ರೂಪಕ್ಕೆ (ಮೂಲ ಭಾಷೆಗೂ ಯಂತ್ರದ ಭಾಷೆಗೂ ನಡುವಿನ ರೂಪಕ್ಕೆ) ಇಳಿಯುವಷ್ಟರಲ್ಲಿ ಬಹು ಆಯಾಮದ ಅರೇಗಳ ಆಕಾರವೂ ಲೂಪುಗಳ ಹೆಣಿಗೆಯೂ ಬಹುಮಟ್ಟಿಗೆ ಕರಗಿ ವಿಳಾಸಗಳಾಗಿ, ಜಿಗಿತಗಳಾಗಿ ಹೋಗಿರುತ್ತವೆ. ಆ ಆಕಾರವನ್ನು ಬೇಕಾದಷ್ಟು ಹೊತ್ತು ಉಳಿಸಿಕೊಳ್ಳಲು ಅವಕಾಶವಿರುವುದರಿಂದಲೇ, ಗೂಗಲ್‌ನಲ್ಲಿ ಹುಟ್ಟಿ 2019ರಲ್ಲಿ ಮುಕ್ತ ತಂತ್ರಾಂಶವಾದ, ಕಂಪೈಲರುಗಳನ್ನು ಕಟ್ಟುವ ಚೌಕಟ್ಟಾದ ಎಂಎಲ್‌ಐಆರ್ ನನಗೆ ಮಹತ್ವದ್ದೆನಿಸುತ್ತದೆ.

ಎಂಎಲ್‌ಐಆರ್ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉದಯ್ ಬೊಂದುಗುಲ ಅವರೂ ಒಬ್ಬರು ಎಂಬುದು ನನಗೆ ಸಂತೋಷದ ಸಂಗತಿ. ಅವರ ಗುಂಪು 2015ರಲ್ಲಿ ಪ್ರಕಟಿಸಿದ ಪಾಲಿಮೇಜ್ ಎಂಬ ಕಂಪೈಲರ್, ಚಿತ್ರ ಸಂಸ್ಕರಣೆಯ ಹಲವು ಹಂತಗಳನ್ನು ಬೆಸೆಯುವಾಗ ಚಿತ್ರವನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವ ತುಂಡುಗಳಾಗಿ ಕತ್ತರಿಸುತ್ತದೆ. ಅಂಚಿನ ಮೌಲ್ಯಗಳನ್ನು ಎರಡೆರಡು ಸಲ ಲೆಕ್ಕಹಾಕಬೇಕಾಗುತ್ತದೆ. ಆದರೂ ಆ ಹೆಚ್ಚುವರಿ ಲೆಕ್ಕ, ಅದೇ ಮೌಲ್ಯಗಳನ್ನು ದೂರದ ಮೆಮೊರಿಯಲ್ಲಿಟ್ಟು ಮತ್ತೆ ತರುವುದಕ್ಕಿಂತ ಅಗ್ಗವಾಗಿಯೇ ಬೀಳುತ್ತದೆ.