ತೊಗರಿ ಬ್ಯಾಳಿ ಹುಡುಗ್ರ ಬಾಯಿ ಬಿಡಿಸ್ತು

ಹೋದ ತಿಂಗಳ ಕಲಬುರಗಿಯಿಂದ ತಂಗಿ ಫೋನ್ ಹಚ್ಚಿದ್ಳು, ಇಲ್ಲಿ ಕೆನಡಾದ ಎಡ್ಮಂಟನ್‌ನಾಗ ರಾತ್ರಿ 9, ಅಲ್ಲಿ ಮುಂಜಾನಿ ಒಂಬತ್ತೂವರಿ. ಆಕಿ ಡಿಗ್ರಿ ಹುಡುಗ್ರಿಗಿ ಒಂದು ಪೇಪರ್ ಆನ್‌ಲೈನ್ ಹೇಳ್ತಾಳ. "ಯಣ್ಣಾ, ಎಲ್ಲಾರ ಕ್ಯಾಮೆರಾ ಬಂದ್, ತಿಳೀತೇನ್ರಪ್ಪಾ ಅಂದ್ರ ಎಸ್ ಮೇಡಮ್ ಅಂತ ಸಾಲಾಗಿ ಬರ್ತಾವ, ಮುಂದ ಒಬ್ರೂ ಮಾತಾಡಂಗಿಲ್ಲ" ಅಂದ್ಳು, ದನಿ ಭಾಳ ಸಣ್ಣಗಾಗಿತ್ತು.

ನಂಗ ಆ ಸಂಕಟ ಗೊತ್ತದ. ನಾ ಇಲ್ಲಿ ಕೃಷಿ ಅರ್ಥಶಾಸ್ತ್ರದ ಆನ್‌ಲೈನ್ ಕೋರ್ಸಿಗಿ ಟೀಚಿಂಗ್ ಅಸಿಸ್ಟಂಟ್. ವಾರಕ್ಕೊಂದು ಡಿಸ್ಕಶನ್, ಒಬ್ಬೊಬ್ರು ತಮ್ದೊಂದು ಬರೀಬೇಕು, ಇನ್ನಿಬ್ಬರಿಗಿ ಉತ್ತರ ಕೊಡಬೇಕು. ಮೊದ್ಲನೇ ಸೆಮಿಸ್ಟರ್ ಬೇಡಿಕಿ-ಪೂರೈಕಿ ಅಂದ್ರೇನು ಅಂತ ಕೇಳಿದ್ದೆ, ಪುಸ್ತಕದಾಗಿನ ಸಾಲೇ ಎಲ್ಲಾರೂ ಇಳಿಸಿದ್ರು, ಕೆಳಗ "ಛಲೋ ಬರ್ದೀರಿ" ಅಷ್ಟೇ. ಉತ್ತರ ಒಂದೇ ಇದ್ದ ಪ್ರಶ್ನಿಗಿ ಎರಡನೇದಾಂವ ಏನಂತ ಮಾತಾಡ್ಬೇಕ್ರಿ? ತಪ್ಪು ಪ್ರಶ್ನಿದು, ಹುಡುಗ್ರದಲ್ಲ.

ಈ ಸಲ ನಮ್ಮ ಕಲಬುರಗಿ ಜಿಲ್ಲಾದ ತೊಗರಿ ತಂದು ಮುಂದಿಟ್ಟೆ, 2019ರಾಗ ಜಿಐ ಟ್ಯಾಗ್ (ಇದು ಈ ಊರಿನ ಮಾಲೇ ಅನ್ನೋ ಸರ್ಕಾರಿ ಗುರುತು) ಸಿಕ್ಕದ್ದು. ಇಲ್ಲಿ ಪಕ್ಕದ ಪ್ರಾಂತ್ಯ ಸಸ್ಕಾಚೆವಾನ್‌ನಾಗ ಮಸೂರ ಬೆಳೀತಾರ, ಇಂಡಿಯಾ ಅವ್ರಿಗಿ ದೊಡ್ಡ ಗಿರಾಕಿ, 2017ರ ಡಿಸೆಂಬರ್‌ನಾಗ ಇಂಡಿಯಾ ಅದರ ಮ್ಯಾಲ 30 ಪರ್ಸೆಂಟ್ ಸುಂಕ ಹಾಕ್ತು. ಇದು ಸರಿನಾ, ನಿಮ್ಮ ಮನಿ ಕಡಿಂದ ನೋಡಿ ಹೇಳ್ರಿ ಅಂತ ಕೇಳ್ದೆ. ಎರಡು ದಿನ ಒಬ್ರೂ ಬರೀಲಿಲ್ಲ, ನಾನೇ ಏನಾರ ಬರೀಲೇನು ಅಂತ ಕೈ ಹೋಗ್ತಿತ್ತು, ತಡಕೊಂಡೆ. ಮೂರನೇ ದಿನ ಇಡೀ ಸೆಮಿಸ್ಟರ್ ಗಪ್ ಇದ್ದ ಸಸ್ಕಾಚೆವಾನ್ ರೈತನ ಮಗ ಒಬ್ಬ ಅರ್ಧ ಪೇಜ್ ಬರ್ದ, ಆ ಚಳಿಗಾಲ ಅಪ್ಪ ಮಸೂರ ಮಾರಲಾರದೇ ಹಂಗೇ ಇಟ್ಟಿದ್ದು, ಹೊಸ ಟ್ರಕ್ ತಗೊಳ್ಳೋದು ಬಿಟ್ಟಿದ್ದು. ಅದರ ಕೆಳಗ ಯಾದಗಿರಿ ಕಡಿ ಹುಡುಗಿ: ಅದೇ ವರ್ಷ ನಮ್ಮಪ್ಪಗ ತೊಗರಿಗಿ ಬೆಂಬಲ ಬೆಲಿ ಕ್ವಿಂಟಲ್‌ಗಿ 5450 ರೂಪಾಯಿ ಅಂತ ಹೇಳಿದ್ರೂ ಅಡತಿ ಅಂಗಡ್ಯಾಗ ಅಷ್ಟು ಸಿಗಲಿಲ್ಲ, ಹೊರಗಿನ ಕಾಳಿಗಿ ಸುಂಕ ಬೇಡ ಅಂತ ನಾ ಹೆಂಗ ಹೇಳ್ಲಿ? ಆಮ್ಯಾಲ ನಾ ನಡುವ ಬಾಯಿ ಹಾಕಿದ್ದು ಒಂದೇ ಮಾತಿಗಿ, ಇದು ನಿಮಗ ಹೆಂಗ ಗೊತ್ತು ಅಂತ. ಲೆಕ್ಕ ತಂದ್ರು, ಜಗಳಾಡಿದ್ರು, ಇಬ್ರು ತಮ್ಮ ಮಾತು ಬದಲಿಸಿದ್ರು.

ತಂಗಿಗಿ ಇದನ್ನೇ ಹೇಳ್ದೆ. ಮೇರಿ ಬಡ್ ರೋ ಅನ್ನೋ ಅಮೆರಿಕಾದ ಶಿಕ್ಷಣ ಸಂಶೋಧಕಿ ಕ್ಲಾಸಿನ್ಯಾಗ ಕೂತು ನೋಡಿದ್ರಂತ, ಟೀಚರ್ ಪ್ರಶ್ನಿ ಕೇಳಿ ಒಂದೇ ಸೆಕೆಂಡ್ ಕಾಯ್ತಾರ, ಮೂರು ಸೆಕೆಂಡ್ ಕಾದ್ರ ಉತ್ತರ ಉದ್ದ ಬರ್ತಾವ. ಆನ್‌ಲೈನ್‌ನಾಗ ಮ್ಯೂಟ್ ತೆಗೀಲಕ್ಕೇ ಅಷ್ಟು ಬೇಕು, ನೀ ಹತ್ತರ ತನಕ ಎಣಿಸು ಅಂದೆ. ಇಂಗ್ಲಿಷ್‌ನಾಗೇ ಹೇಳ್ರಿ ಅನ್ನಬ್ಯಾಡ, ಅದಕ್ಕೇ ಅರ್ಧ ಮಂದಿ ಬಾಯಿ ಮುಚ್ಚಿರ್ತಾರ.

ನಿನ್ನಿ ಆಕಿ ಒಂದು ವಾಯ್ಸ್ ಕಳ್ಸಿದ್ಳು, ಜೇವರ್ಗಿ ಕಡಿ ಹುಡುಗಂದು. ಗಾಳಿ ಸಪ್ಪಳ, ಹಿಂದ ಟ್ರ್ಯಾಕ್ಟರ್, ಹೊಲದಾಗ ನಿಂತೇ ಹೇಳ್ಲಕತ್ತಾನ: "ಮೇಡಮ್, ನೀವು ಹೇಳಿದ್ದು ನಮ್ಮೂರಾಗ ಹಂಗಿಲ್ರಿ..."