ತುಟಿ ಎಳೆದದ್ದು ನಾನೇ

ರೂಟ್ ಕೆನಾಲ್ ಮಾಡಿಸಿಕೊಂಡು ಹೋದ ಮೂರನೇ ದಿನಕ್ಕೆ ಆ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಬಂದರು. ಹೈಸ್ಕೂಲ್ ಟೀಚರು, ಕಿರಿಮಗಳ ಮದುವೆಗೆ ಎಂಟೇ ದಿನ ಉಳಿದಿತ್ತು. ಸೆರಗು ಸರಿಸಿದರೆ ಕೆಳತುಟಿಯ ಬಲ ಅಂಚಿನಲ್ಲಿ ನೆನೆಸಿದ ಸಾಬೂದಾನಿ ಅಂಟಿಸಿದ ಹಾಗೆ ನೀರುಗುಳ್ಳೆಗಳ ಗುಂಪು. “ನಿಮ್ಮ ಸಾಮಾನು ಸರಿಯಾಗಿ ಕುದಿಸ್ತೀರೋ ಇಲ್ರೋ ಡಾಕ್ಟ್ರೇ?” ಹೊರಗೆ ಕೂತಿದ್ದ ಐದು ಜನಕ್ಕೂ ಕೇಳಿಸಿತು.

ನನಗೂ ಸಿಟ್ಟು ಬಂತು. ಸಾಮಾನನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ತೋರಿಸಿದೆ, ಒಬ್ಬೊಬ್ಬರಿಗೂ ಹೊಸ ಗ್ಲೌಸ್ ಅಂದೆ. ಇದು ಜ್ವರಗುಳ್ಳೆ, ವೈರಸ್ಸು ಮೊದಲಿನಿಂದ ನಿಮ್ಮೊಳಗೇ ಇತ್ತು ಅಂದೆ. ಹೇಳಿದ್ದು ಸುಳ್ಳಲ್ಲ, ಆದರೆ ನನಗೆ ಅನುಕೂಲವಾದಷ್ಟೇ ಹೇಳಿದ್ದೆ.

ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ಈ ವೈರಸ್ಸು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ, ಯಾರೋ ಕೊಟ್ಟ ಮುತ್ತಿನಲ್ಲೋ ಎಂಜಲಿನಲ್ಲೋ ಬಂದಿರುತ್ತದೆ. ಜಗತ್ತಿನಲ್ಲಿ 50 ವರ್ಷದೊಳಗಿನವರ ಪೈಕಿ ಸುಮಾರು ಮೂರರಲ್ಲಿ ಇಬ್ಬರೊಳಗೆ ಇದಿದೆ. ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಒಮ್ಮೆ ಬಂದದ್ದು ಹೋಗುವುದೂ ಇಲ್ಲ. ಕಿವಿಯ ಮುಂದೆ, ತಲೆಬುರುಡೆಯ ಒಳಗಿರುವ ಟ್ರೈಜೆಮಿನಲ್ ನರದ ಗಂಟಿನಲ್ಲಿ ಮಲಗಿಬಿಡುತ್ತದೆ. ತಮಾಷೆ ನೋಡಿ, ನಾನು ದಿನಾ ಸೂಜಿ ಚುಚ್ಚಿ ಮರಗಟ್ಟಿಸುವುದು ಇದೇ ನರದ ಕೊಂಬೆಗಳನ್ನು.

ಅದನ್ನು ಎಬ್ಬಿಸುವುದು ಯಾವುದು? ಜ್ವರ, ನೆಗಡಿ, ಬಿಸಿಲು, ನಿದ್ದೆಗೇಡು, ಮನಸ್ಸಿನ ಒತ್ತಡ, ಕೆಲವು ಹೆಂಗಸರಿಗೆ ಮುಟ್ಟಿನ ದಿನಗಳು. ಜೊತೆಗೆ ತುಟಿಗಾಗುವ ಪೆಟ್ಟು. ಮೇಡಂ ಹಲ್ಲುನೋವಿಗೆ ಎರಡು ರಾತ್ರಿ ನಿದ್ದೆಗೆಟ್ಟಿದ್ದರು, ಲಗ್ನಪತ್ರಿಕೆ ಹಂಚಲು ಏಪ್ರಿಲ್ ಬಿಸಿಲಲ್ಲಿ ಊರೂರು ತಿರುಗಿದ್ದರು. ಅದರ ಮೇಲೆ ನಾನು ಒಂದೂವರೆ ತಾಸು ಅವರ ಒಣತುಟಿಯನ್ನು ಕನ್ನಡಿಯ ಹಿಡಿಯಿಂದ ಬಲಕ್ಕೆ ಎಳೆದು ಹಿಡಿದಿದ್ದೆ. ಗುಳ್ಳೆ ಎದ್ದದ್ದೂ ಬಲಕ್ಕೇ. ವೈರಸ್ಸು ನನ್ನದಲ್ಲ, ಎಬ್ಬಿಸಿದ್ದರಲ್ಲಿ ನನ್ನ ಕೈಯಿತ್ತು. ಅವರ ದೂರಿನಲ್ಲಿ ಅರ್ಧ ನ್ಯಾಯವಿದೆ ಎಂದು ನನಗೆ ಹೊಳೆದದ್ದು ಅವರು ಹೋದ ಮೇಲೆ.

ಅವತ್ತು ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಮಾತಿನ ನಡುವೆ ಹಿರಿಮಗಳ ಬಾಣಂತನ ತಮ್ಮ ಮನೆಯಲ್ಲೇ ಅಂದರು. ಕೂಸಿಗೆ 20 ದಿನ. ನಾನು ಕುರ್ಚಿ ಎಳೆದುಕೊಂಡು ಎದುರು ಕೂತೆ. ನಮಗೆ ಹತ್ತು ದಿನದ ಕಿರಿಕಿರಿಯಾಗುವ ಈ ಗುಳ್ಳೆ, ಹಸುಗೂಸಿಗೆ ತಗುಲಿದರೆ ಮಿದುಳಿಗೂ ಯಕೃತ್ತಿಗೂ ಏರಿ ಜೀವಕ್ಕೇ ಸಂಚಕಾರ ತರಬಹುದು. ಹಕ್ಕಳೆ ಉದುರಿ ಚರ್ಮ ಮೊದಲಿನಂತಾಗುವವರೆಗೆ ಮುತ್ತು ಕೊಡಬೇಡಿ, ಗುಳ್ಳೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕೂಸನ್ನು ಎತ್ತಬೇಡಿ, ಅದೇ ಕೈ ಕಣ್ಣಿಗೂ ಹೋಗಬಾರದು ಅಂದೆ. ಮದುವೆಮನೆಯಲ್ಲಿ ಅಜ್ಜಿಯೇ ಮೊಮ್ಮಗನಿಂದ ದೂರ ನಿಲ್ಲಬೇಕೆಂದರೆ ಅವರಿಗೆ ಹೇಗಾಗಿರಬೇಡ. ಸಿಟ್ಟು ಅಲ್ಲಿಗೆ ಇಳಿಯಿತು, ಕಣ್ಣಲ್ಲಿ ನೀರು ಬಂತು.

ವೈರಸ್ಸನ್ನು ಹತ್ತಿಕ್ಕುವ ಎಸೈಕ್ಲೊವಿರ್ ಜಾತಿಯ ಮಾತ್ರೆ ಬರೆದುಕೊಟ್ಟೆ. ನಿಜ ಹೇಳಬೇಕೆಂದರೆ ಅದು ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಏಳುವ ಮೊದಲು, ತುಟಿ ಜುಮುಜುಮು ಅಂದು ಉರಿ ಶುರುವಾದ ಮೊದಲ ಗಂಟೆಗಳಲ್ಲಿ. ಜನ ಆಗ ಬರುವುದಿಲ್ಲ. ಸುಣ್ಣ, ಟೂತ್‌ಪೇಸ್ಟ್ ಹಚ್ಚಿ, ಮೆಡಿಕಲ್ ಶಾಪಿನವನು ಕೊಟ್ಟ ಸ್ಟೀರಾಯ್ಡ್ ಕ್ರೀಮು ಬಳಿದು ನಾಲ್ಕನೇ ದಿನಕ್ಕೆ ಬರುತ್ತಾರೆ. ಸ್ಟೀರಾಯ್ಡಂತೂ ವೈರಸ್ಸಿಗೆ ಹಬ್ಬದೂಟ.

ಆಮೇಲೆ ನಮ್ಮ ಕೇಸ್ ಫಾರ್ಮ್ ತೆಗೆದು ನೋಡಿದೆ. ‘ಹರ್ಪಿಸ್ ಇದೆಯೇ?’ ಎಂಬ ಸಾಲು ಅಲ್ಲಿತ್ತು. ಮೇಡಂ ‘ಇಲ್ಲ’ ಎಂದು ಗೆರೆ ಹಾಕಿದ್ದರು. ಎಲ್ಲರೂ ಹಾಗೇ ಹಾಕುತ್ತಾರೆ. ಆ ಹೆಸರು ಕೇಳಿದರೆ ಗುಪ್ತರೋಗ ಅಂದುಕೊಳ್ಳುತ್ತಾರೆ, ಇಲ್ಲವೇ ಸರ್ಪಸುತ್ತು. ತಮ್ಮ ತುಟಿಯ ಗುಳ್ಳೆಗೂ ಅದಕ್ಕೂ ಸಂಬಂಧವಿದೆ ಎಂದು ಯಾರಿಗೆ ಗೊತ್ತು? ಆ ಸಾಲು ಹೊಡೆದುಹಾಕಿದೆ. ಈಗ ಬಾಯಿಮಾತಿನಲ್ಲೇ ಕೇಳುತ್ತೇನೆ: ಜ್ವರ ಬಂದಾಗ, ಬಿಸಿಲಿಗೆ ಹೋದಾಗ ತುಟಿ ಅಂಚಿಗೆ ಗುಳ್ಳೆ ಏಳ್ತಾವಾ? ಹೌದು ಅಂದವರ ತುಟಿಗೆ ಮೊದಲೇ ವ್ಯಾಸಲೀನ್ ಸವರುತ್ತೇನೆ, ನಡುನಡುವೆ ಬಾಯಿ ಮುಚ್ಚಲು ಬಿಡುತ್ತೇನೆ, ಉದ್ದದ ಕೆಲಸವನ್ನು ಎರಡು ಸಿಟ್ಟಿಂಗಿಗೆ ಒಡೆಯುತ್ತೇನೆ. ಪದೇಪದೇ ಆಗುವವರಿಗೆ ಚಿಕಿತ್ಸೆಯ ದಿನವೇ ಮಾತ್ರೆ ಕೊಡುವುದೂ ಉಂಟು. ಬಿಸಿಲಿಗೆ ಏಳುವವರಿಗೆ ಎಸ್‌ಪಿಎಫ್ 30ರ ಲಿಪ್‌ಬಾಮ್ ಹೇಳುತ್ತೇನೆ. ಹೊಲದ ಕೆಲಸದ ಗಂಡಸರು ನಗುತ್ತಾರೆ, ಟವೆಲ್ಲನ್ನು ಮೂಗಿನವರೆಗೆ ಸುತ್ತಿಕೊಳ್ಳಿ ಅಂದರೆ ಒಪ್ಪುತ್ತಾರೆ.

ಹಸಿಗುಳ್ಳೆ ಇದ್ದವರನ್ನು, ಹಲ್ಲಿಗೆ ಕೀವು-ಬಾವು ಇಲ್ಲದಿದ್ದರೆ, ಹತ್ತು ದಿನ ಬಿಟ್ಟು ಬನ್ನಿ ಎಂದು ಕಳಿಸುತ್ತೇನೆ. ಎರಡು ಬಸ್ಸು ಹತ್ತಿ ಬಂದವರು ಬೈದೇ ಹೋಗುತ್ತಾರೆ. ಆದರೆ ನನ್ನ ಸಹಪಾಠಿಯೊಬ್ಬನ ತೋರುಬೆರಳು ನೆನಪಿದೆ: ಹರಿದ ಗ್ಲೌಸಿನ ಮೂಲಕ ವೈರಸ್ಸು ಹೊಕ್ಕು ಉಗುರುಸುತ್ತಿನ ಹಾಗೆ ಬಾತಿತ್ತು. ಕೀವೆಂದು ಕೊಯ್ಯಲು ಹೊರಟಿದ್ದವರನ್ನು ನಮ್ಮ ಸೀನಿಯರ್ ತಡೆದರು. ಕೊಯ್ದಿದ್ದರೆ ಇನ್ನೂ ಕೆಡುತ್ತಿತ್ತು. ಮೂರು ವಾರ ಅವನು ಡ್ರಿಲ್ ಹಿಡಿಯಲಿಲ್ಲ.

ಮೊನ್ನೆ ಒಬ್ಬ ಅಜ್ಜನಿಗೆ ಅದೇ ಪ್ರಶ್ನೆ ಕೇಳಿದೆ. “ಇಲ್ರೀ, ಗುಳ್ಳೆಪಳ್ಳೆ ಏನೂ ಇಲ್ಲ. ವರ್ಷಕ್ಕ ಎರಡು ಸಲ ಮಲಗಿದಾಗ ತುಟಿ ಮ್ಯಾಲೆ ಹಲ್ಲಿ ಉಚ್ಚಿ ಹೊಯ್ತದ, ಅಷ್ಟ.” ನನ್ನ ಪ್ರಶ್ನೆಗೆ ಅದನ್ನೂ ಸೇರಿಸಿದ್ದೇನೆ.