ಅಣ್ಣ ಮನೆಯಲ್ಲಿದ್ದ ತೆನೆ ಹಬ್ಬ

ಮಂಗಳೂರು ಕಡೆಯ ಕಥೊಲಿಕ್ ಮನೆಗಳಲ್ಲಿ ಸೆಪ್ಟೆಂಬರ್ 8 ಅಂದ್ರೆ ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ಅಕ್ಕಿ ಊಟದ ಹಬ್ಬ, ಎರಡೂ ಅವತ್ತೇ. ಅದಕ್ಕೆ ಮೊದಲು ಒಂಬತ್ತು ದಿನ ನೊವೆನಾ, ಅಂದ್ರೆ ದಿನಾ ನಡೆಯುವ ವಿಶೇಷ ಪ್ರಾರ್ಥನೆ. ಮಕ್ಕಳು ತಟ್ಟೆ ತುಂಬ ಹೂ ಕೊಯ್ದುಕೊಂಡು ಇಗರ್ಜಿಗೆ ಹೋಗಿ, ಹಾಡುತ್ತಾ ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಫಾದರ್ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮಕ್ಕಳಿಗೆ ಕಬ್ಬು ಸಿಗುತ್ತದೆ. ಮಧ್ಯಾಹ್ನ ಬಾಳೆಲೆಯಲ್ಲಿ ಪೂರ್ತಿ ತರಕಾರಿ ಊಟ.

2020ರ ಹಬ್ಬ ಹೀಗಿರಲಿಲ್ಲ, ಕೊರೊನಾ ಕಾಲ. ಹತ್ತು ವರ್ಷದೊಳಗಿನ ಮಕ್ಕಳು, 65 ದಾಟಿದವರು ಮನೆಯಲ್ಲೇ ಇರಲಿ ಅಂತ ಸರ್ಕಾರ ಹೇಳಿತ್ತು. ಹಾಗಾಗಿ ಅಮ್ಮನೂ ಅಣ್ಣನ ಮಗಳೂ ಇಗರ್ಜಿಗೆ ಬರಲಿಲ್ಲ. ಮಗು ಅಂಗಳದ ದಾಸವಾಳ, ಗೌರಿ ಹೂ ಕಿತ್ತು ತಂದು ಹಾಲ್‌ನ ಅಲ್ತಾರಿನ, ಅಂದ್ರೆ ದೇವರ ಪೀಠದ ಮುಂದೆ ಎರಚುತ್ತಿದ್ದಳು. ಅಣ್ಣ ಕುವೈತ್‌ನಲ್ಲಿ ಕೆಲಸ ಕಳೆದುಕೊಂಡು, ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುತ್ತಿದ್ದ ವಂದೇ ಭಾರತ್ ವಿಮಾನದಲ್ಲಿ ಊರಿಗೆ ಬಂದಿದ್ದ. ಕೊನೆಯ ತಿಂಗಳುಗಳ ಸಂಬಳವೂ ಸಿಕ್ಕಿರಲಿಲ್ಲ. ಮನೆ ಸಾಲ ಹಾಗೇ ಇತ್ತು. ಮಾತೇ ಕಡಿಮೆ ಮಾಡಿದ್ದ.

ಇಷ್ಟು ವರ್ಷ ಹಬ್ಬ ಮುಗಿದ ಮೇಲೆ ಆಶೀರ್ವಾದದ ನಾಲ್ಕು ಭತ್ತದ ಕಾಳನ್ನು ಕವರಿನಲ್ಲಿಟ್ಟು ಅವನಿಗೆ ಪೋಸ್ಟ್ ಮಾಡುತ್ತಿದ್ದೆವು. ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳಲ್ಲಿ ಇದು ರೂಢಿ. ಆ ವರ್ಷ ಅಣ್ಣ ನಮ್ಮ ಜೊತೆಗೇ ಕೂತಿದ್ದ.

ಅಪ್ಪ ಮೇಣದಬತ್ತಿ ಹಚ್ಚಿ ತೆನೆ ಬಿಡಿಸಿದರು. ಒಂದೊಂದೇ ಕಾಳನ್ನು ಉಗುರಿನಲ್ಲಿ ಸುಲಿದು, ಜಜ್ಜಿ, ಪುಡಿಯನ್ನು ತೆಂಗಿನ ಹಾಲಿನ ಪಾಯಸಕ್ಕೆ ಬೆರೆಸಿದರು. ಅಡುಗೆಮನೆಯಿಂದ ಅಂಬಟೆ ಹಾಕಿದ ಕೆಸುವಿನ ಪರಿಮಳ ಬರುತ್ತಿತ್ತು. ಅಪ್ಪ ಬೈಬಲ್ ತೆಗೆದು ಹಬಕ್ಕೂಕನ ಪುಸ್ತಕದ ಕೊನೆಯ ಭಾಗ ಓದಿದರು. ಅಂಜೂರ ಚಿಗುರದಿದ್ದರೂ, ಹೊಲದಲ್ಲಿ ಬೆಳೆ ಬಾರದಿದ್ದರೂ, ಕೊಟ್ಟಿಗೆ ಖಾಲಿಯಾದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಅನ್ನುವ ಭಾಗ.

"ಸಂಬಳ ಬಾರದಿದ್ದರೂ ಅಂತ ಬರೆದಿಲ್ವಾ ಅದ್ರಲ್ಲಿ?" ಅಂದ ಅಣ್ಣ.

ಯಾರೂ ಗದರಲಿಲ್ಲ. ಕಷ್ಟದಲ್ಲಿರುವವರಿಗೆ "ದೇವರಿಗೆ ಸ್ತೋತ್ರ ಹೇಳು, ಎಲ್ಲ ಸರಿಹೋಗುತ್ತೆ" ಅಂತ ಬುದ್ಧಿ ಹೇಳುವುದು ನನಗೆ ಈಗಲೂ ಹಿಡಿಸುವುದಿಲ್ಲ. ಬೈಬಲ್‌ನ ಕೀರ್ತನೆಗಳನ್ನೇ ನೋಡಿ. ಎಷ್ಟೋ ಕೀರ್ತನೆಗಳು ಶುರುವಾಗುವುದೇ ಅಳುವಿನಿಂದ, ದೂರಿನಿಂದ. ಸ್ತುತಿಗೆ ಬರಲು ಅವು ಸಮಯ ತೆಗೆದುಕೊಳ್ಳುತ್ತವೆ. ಒಂದಂತೂ ಸ್ತುತಿಗೆ ಬರುವುದೇ ಇಲ್ಲ, 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಅಂತಲೇ ಬೈಬಲ್‌ನಲ್ಲಿ ಇಟ್ಟುಕೊಂಡಿದ್ದಾರೆ, ಅಲ್ವಾ?

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಹೇಳಿದರು: "ದೊಡ್ಡದೆಲ್ಲ ಬೇಡ ಮಗ. ಒಬ್ಬರ ಹೆಸರು ಹೇಳು ಸಾಕು."

ಅಣ್ಣ ಎಲೆಯನ್ನೇ ನೋಡುತ್ತಾ ಕೂತ. ಆಮೇಲೆ ತನ್ನ ರೂಮಿನಲ್ಲಿದ್ದ ಕಾಸರಗೋಡಿನ ಹುಡುಗನ ಹೆಸರು ಹೇಳಿದ. ಅವನಿಗೂ ಅರ್ಧ ಸಂಬಳವೇ ಬರುತ್ತಿತ್ತಂತೆ. ಆದರೂ ದಿನಾ ಇಬ್ಬರಿಗೂ ಸೇರಿಸಿ ಅಕ್ಕಿ ಹಾಕುತ್ತಿದ್ದನಂತೆ, ಒಂದು ದಿನವೂ ದುಡ್ಡಿನ ಮಾತೆತ್ತಲಿಲ್ಲವಂತೆ. ಪಕ್ಕದ ರೂಮಿನ ಬಾಂಗ್ಲಾದೇಶದವರೊಬ್ಬರು ಇವನಿಗೆ ಜ್ವರ ಬಂದಾಗ ಬಾಗಿಲ ಹತ್ತಿರ ಗಂಜಿ ಇಟ್ಟು ಹೋಗುತ್ತಿದ್ದರಂತೆ. ಮನೆಗೆ ಬಂದಾಗಿನಿಂದ ಇದೊಂದನ್ನೂ ನಮಗೆ ಹೇಳಿರಲಿಲ್ಲ. ಹೋದ ಸಂಬಳದ ಲೆಕ್ಕ ಮಾತ್ರ ನಮಗೆಲ್ಲ ಬಾಯಿಪಾಠ ಆಗಿತ್ತು. ಹೇಳುತ್ತಾ ಹೇಳುತ್ತಾ ಅವನ ಗಂಟಲು ಕಟ್ಟಿತು. ಅಪ್ಪ ಆ ಇಬ್ಬರ ಹೆಸರನ್ನೂ ಸೇರಿಸಿಯೇ ಪ್ರಾರ್ಥನೆ ಮಾಡಿದರು. ಒಬ್ಬೊಬ್ಬರಿಗೂ ಪಾಯಸ ಕೊಟ್ಟರು.

ಅವನ ಸಾಲ ಅವತ್ತೇನೂ ತೀರಲಿಲ್ಲ. ಊರಿನಲ್ಲಿ ಕೆಲಸ ಸಿಗಲು ಇನ್ನೂ ಹಲವು ತಿಂಗಳು ಹಿಡಿಯಿತು. ಆದರೆ ದೇವರ ಉಪಕಾರ ಅಂದರೆ ಏನು ಅಂತ ಆವರೆಗೆ ಇಗರ್ಜಿಯ ಪ್ರಸಂಗಗಳಲ್ಲಿ ಕೇಳಿದ್ದೆ ಅಷ್ಟೇ. ಅವತ್ತು ಅದಕ್ಕೆ ಅಕ್ಕಿ ಅಳೆದು ಹಾಕಿದ ಕೈಯೊಂದು ಕಂಡಿತು. ಆ ಹುಡುಗ ಬೇರೆ ಧರ್ಮದವನು. ನಮ್ಮ ಪ್ರಾರ್ಥನೆಗೆ ಅದೇನೂ ಅಡ್ಡ ಬರಲಿಲ್ಲ. ಗುಣವಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ತಿರುಗಿ ಬಂದು ಯೇಸುವಿನ ಕಾಲಿಗೆ ಬಿದ್ದವನೂ ಸಮಾರ್ಯದವನೇ, ಹೊರಗಿನವನೇ.

ಈಗ ನಮ್ಮ ಮನೆಯಲ್ಲಿ ರಾತ್ರಿ ತೇರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ ಆದ ಮೇಲೆ ಎಲ್ಲರೂ ಒಂದೊಂದು ಹೆಸರು ಹೇಳುತ್ತೇವೆ. ಬಸ್ಸು ನಿಲ್ಲಿಸಿದ ಕಂಡಕ್ಟರ್, ಫೋನ್ ಮಾಡಿದ ಚಿಕ್ಕಮ್ಮ, ಪೆನ್ಸಿಲ್ ಕೊಟ್ಟ ಗೆಳತಿ. ಕೆಲವು ರಾತ್ರಿ ಯಾರಿಗಾದರೂ ಒಂದು ಹೆಸರೂ ಹೊಳೆಯುವುದಿಲ್ಲ. ಆಗ ಉಳಿದವರು ಸುಮ್ನೆ ಕಾಯುತ್ತೇವೆ. ಆಮೇಲೇ ಊಟ.